ಕಟ್ಟು ಹಾಕಿಸಿದ ಬಿಲ್ಲು

ಶತಮಾನಗಳಿಂದ ಬಾಯಿ ಬಿಡದೆ ಕುಳಿತ ಕಲ್ಲುಗಳನ್ನು ಮಾತನಾಡಿಸುವುದೇ ನನ್ನ ವೃತ್ತಿಯಾಗಿತ್ತು. ಹೊಲದ ಬದುವಿನಲ್ಲಿ ಹೂತು ಹೋದ ಶಾಸನಗಳು, ಬಟ್ಟೆ ಒಗೆಯುವ ಹಾಸುಗಲ್ಲಾದವು, ಕೊಟ್ಟಿಗೆಯಲ್ಲಿ ಎಮ್ಮೆ ಕಟ್ಟುವ ಗೂಟವಾದವು, ಎಲ್ಲವೂ ನನ್ನ ಮುಂದೆ ತಮ್ಮ ಕಾಲವನ್ನೂ ಕರ್ತೃವನ್ನೂ ಒಪ್ಪಿಸಿವೆ. ಹೀಗಿರುವಾಗ, ಬದುಕಿರುವ ಒಬ್ಬ ಮನುಷ್ಯನ ಜೇಬಿನ ಬಾಯಿ ಬಿಡಿಸುವುದು ಎಷ್ಟರ ಕೆಲಸವೆಂದು ನಾನು ಭಾವಿಸಿದ್ದರೆ ಅದನ್ನು ಅಹಂಕಾರವೆನ್ನಲಾಗದು. ಅನನುಭವ ಎನ್ನಬಹುದು.

ಆ ಮನುಷ್ಯರು ಕೃಷ್ಣರಾಜಪೇಟೆಯ ನಿಂಗೇಗೌಡರು. ಅಕ್ಕಿ ಗಿರಣಿಯ ಮಾಲೀಕರು. ಹೊಸದಾಗಿ ಒಂದು ಕಲ್ಯಾಣಮಂಟಪವನ್ನು ಕಟ್ಟಿಸಿ, ಅದರ ಪ್ರಾರಂಭೋತ್ಸವದಂದು ತಮ್ಮ ಮನೆತನದ ಇತಿಹಾಸವನ್ನು ಪುಸ್ತಕರೂಪದಲ್ಲಿ ಹೊರತರಬೇಕೆಂದು, ನಿವೃತ್ತನಾಗಿ ಶ್ರೀರಂಗಪಟ್ಟಣದಲ್ಲಿ ಹೊಳೆ ನೋಡುತ್ತ ಕುಳಿತಿದ್ದ ನನ್ನನ್ನು ಹುಡುಕಿಕೊಂಡು ಬಂದರು. ಸಂಭಾವನೆಯ ಮಾತಾಯಿತು. ನಾನು ಬರೆದೆ. ಒಂದೊಂದು ತಿಥಿಯನ್ನೂ ಪಂಚಾಂಗದೊಡನೆ ತಾಳೆ ನೋಡಿ ಬರೆದೆ. ಅವರ ತಾತನ ಪೆಟ್ಟಿಗೆಯಲ್ಲಿ ಒಂದು ತಾಮ್ರಪಟವಿತ್ತು; ಅರಸರು ಆ ಮನೆತನಕ್ಕೆ ಭೂಮಿ ಕೊಟ್ಟುದಕ್ಕೆ ಅದೇ ಸಾಕ್ಷಿಯೆಂದು ಹಬ್ಬದ ದಿನ ಅದಕ್ಕೆ ಪೂಜೆಯಾಗುತ್ತಿತ್ತು. ಅದರಲ್ಲಿ ಹೇಳಿದ ತಿಥಿಗೂ ವಾರಕ್ಕೂ ಹೊಂದಾಣಿಕೆಯಿರಲಿಲ್ಲ. ಆದಕಾರಣ ಕೊನೆಯ ಅಧ್ಯಾಯದಲ್ಲಿ, ತಿಥಿ ವಾರ ಕೂಡದ ದಾಖಲೆ ಖೊಟ್ಟಿ, ಇದೂ ಖೊಟ್ಟಿ, ಎಂದು ನಿಷ್ಪಕ್ಷಪಾತವಾಗಿ ನಿರ್ಣಯ ಕೊಟ್ಟೆ. ಇಂಥ ಪ್ರಾಮಾಣಿಕತೆಯನ್ನು ಗೌಡರು ಮೆಚ್ಚುವರೆಂದೇ ನಂಬಿದ್ದೆ.

ಪುಸ್ತಕ ಬಿಡುಗಡೆಯಾಯಿತು. ಶಾಲು ಬಂತು. ಹಣ್ಣಿನ ಬುಟ್ಟಿ ಬಂತು. ಸಂಭಾವನೆ ಬರಲಿಲ್ಲ.

ಆ ಹಣಕ್ಕಾಗಿ ಕಾದಿದ್ದುದು ನನ್ನ ಹೆಂಡತಿ ಶಾರದೆಯ ಕಿವಿ. ನಮ್ಮ ಹಿತ್ತಿಲ ಬಾಗಿಲು ತೆರೆದರೆ ಕಾವೇರಿ. ಮುಂಜಾವದಲ್ಲಿ ಮಂಜು ನೀರಿನಿಂದೆದ್ದು ಮೆಟ್ಟಿಲು ಹತ್ತಿ ನಮ್ಮ ತುಳಸಿಕಟ್ಟೆಯವರೆಗೆ ಬರುತ್ತದೆ. ಅದರೊಳಗಿಂದ, ಎಲ್ಲಿಂದ ಎಂದು ಹೇಳಲಾಗದಂತೆ, ಹಕ್ಕಿಗಳ ಸದ್ದು. ಮದುವೆಯಾಗಿ ಬಂದ ದಿನದಿಂದ ಶಾರದೆ ಎಚ್ಚರಗೊಂಡದ್ದು ಆ ಸದ್ದಿಗೆ. ಈಚೆಗೆ ಅವಳಿಗೆ ಅದು ಕೇಳಿಸುತ್ತಿರಲಿಲ್ಲ. ಕಿವಿಗೆ ಯಂತ್ರ ಹಾಕಿಸಿದರೆ ಕೇಳೀತೆಂದು ವೈದ್ಯರು ಹೇಳಿದರು. ಯಂತ್ರದ ಬೆಲೆಯೂ ಗೌಡರ ಬಾಕಿಯೂ ಹೆಚ್ಚುಕಡಿಮೆ ಒಂದೇ ಆಗಿದ್ದವು.

"ಗೌಡರಿಗೆ ಜ್ಞಾಪಿಸಿದ್ರಾ?" ಎಂದು ಒಂದು ದಿನ ಕೇಳಿದಳು.

"ವಿದ್ವಾಂಸನಾದವನು ಹಣ ಕೇಳುವುದು ಹೇಗೆ?" ಎಂದೆ. ಅವಳಿಗೆ ಕೇಳಿಸಲೆಂದು ಸ್ವಲ್ಪ ಗಟ್ಟಿಯಾಗಿಯೇ ಎಂದೆ. ಆ ದಿನಗಳಲ್ಲಿ ನನ್ನ ಮಾತು ಶಾರದೆಯನ್ನು ಮುಟ್ಟುವ ಮೊದಲು ಪಕ್ಕದ ಮನೆಯನ್ನು ಮುಟ್ಟುತ್ತಿತ್ತು. ಪಕ್ಕದ ಮನೆಯ ದರ್ಜಿ ಅನ್ವರ್ ಸಾಹೇಬರು ಗೋಡೆಯಾಚೆಯಿಂದಲೇ ಉತ್ತರ ಕೊಟ್ಟರು.

"ಬಿಲ್ ಕಳ್ಸಿ ಸಾರ್. ಬಿಲ್ ಇಲ್ದೆ ಪೈಸಾ ಯಾರು ಕೊಡ್ತಾರೆ?"

ಸರಿಯೆನಿಸಿತು. ಬಿಲ್ಲು ಬರೆಯಲು ಕುಳಿತೆ. ಆದರೆ ಎರಡು ಸಾಲಿನಲ್ಲಿ ಹಣ ಕೇಳುವುದು ಒರಟುತನವಲ್ಲವೆ? ದಪ್ಪನೆಯ ಕಾಗದ ತಂದು, ಕಪ್ಪು ಮಸಿಯಲ್ಲಿ, ಸ್ವಸ್ತಿ ಶ್ರೀ ಎಂದು ಆರಂಭಿಸಿದೆ. ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳನ್ನು ಕ್ರಮವಾಗಿ ನಮೂದಿಸಿದೆ. ಅನಂತರ ಗೌಡರ ವಂಶದ ವರ್ಣನೆ: ಕೆರೆ ಕಟ್ಟಿಸಿದ ಅವರ ಪೂರ್ವಜರು, ಅನ್ನವಿಕ್ಕಿದ ಮಾತೆಯರು, ಹೇಮಾವತಿಯ ನೀರಿನಂತೆ ಬತ್ತದ ಅವರ ಔದಾರ್ಯ. ಕಟ್ಟಕಡೆಯಲ್ಲಿ, ಅಂಕಿಗಳನ್ನು ಯಾರಾದರೂ ತಿದ್ದಿಯಾರೆಂದು, ಸಲ್ಲಬೇಕಾದ ಮೊತ್ತವನ್ನು ಅಕ್ಷರಗಳಲ್ಲಿ ಬರೆದೆ. ಬಿಲ್ಲು ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಶಾಸನವೆಂದ ಮೇಲೆ ಶಾಪವಿಲ್ಲದೆ ಮುಗಿಯುವುದುಂಟೆ? ಇದನ್ನು ಸಲ್ಲಿಸದವನು ಗಂಗೆಯ ತಡಿಯಲ್ಲಿ ಕಪಿಲೆಯನ್ನು ಕೊಂದ ಪಾಪಕ್ಕೆ ಹೋಗುವನು ಎಂಬ ಸಾಲು ಕೈಯಿಂದ ತಾನಾಗಿ ಇಳಿಯಿತು.

ಅನ್ವರ್ ಸಾಹೇಬರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಮೇಲಿಂದ ಕೆಳಗಿನವರೆಗೆ ನೋಡಿದರು.

"ಮಾಶಾ ಅಲ್ಲಾ, ಭಾಳ ಚೆನ್ನಾಗೈತೆ ಸಾರ್. ಇದ್ರಲ್ಲಿ ಬಿಲ್ ಎಲ್ಲೈತೆ?"

ರಸಜ್ಞತೆ ಎಲ್ಲರಿಗೂ ಇರುವುದಿಲ್ಲ ಎಂದುಕೊಂಡು ಅಂಚೆಗೆ ಹಾಕಿದೆ. ಉತ್ತರ ಬರಲಿಲ್ಲ. ಕಾದು ಕಾದು, ಖುದ್ದಾಗಿ ಹೊರಟೆ.

ಪಾಂಡವಪುರದವರೆಗಿನ ಪ್ರಯಾಣ ನಿರ್ವಿಘ್ನವಾಗಿತ್ತು. ಅಲ್ಲಿ ಇನ್ನೊಂದು ಬಸ್ಸು ಹಿಡಿದೆ. ನಿರ್ವಾಹಕನಿಗೆ, "ಕೊನೆಯ ಸ್ಟಾಪಿಗೆ ಒಂದು" ಎಂದು ಆತ್ಮವಿಶ್ವಾಸದಿಂದ ಹೇಳಿ, ಚೀಟಿ ಪಡೆದು, ಅಭ್ಯಾಸಬಲದಿಂದ ಅದರ ದಿನಾಂಕವನ್ನು ಪರಿಶೀಲಿಸಿದೆ. ಸರಿಯಾಗಿತ್ತು. ನೆಮ್ಮದಿಯಿಂದ ಕಿಟಕಿಗೆ ತಲೆಯಾನಿಸಿದೆ. ನಾಲೆಯ ನೀರು ಬಸ್ಸಿನ ಜೊತೆಜೊತೆಗೇ ಹರಿಯಿತು. ಕಬ್ಬು ಬೆಳ್ಳಗೆ ಸೂಲಂಗಿ ಬಿಟ್ಟು ಗಾಳಿಗೆ ಒಂದೇ ಕಡೆ ಬಾಗುತ್ತಿತ್ತು. ಯಾವುದೋ ಆಲೆಮನೆಯಿಂದ ಬೆಲ್ಲ ಕುದಿಯುವ ಪರಿಮಳ ಬಸ್ಸಿನೊಳಗೆ ಹತ್ತಿ, ಚೀಟಿಯಿಲ್ಲದೆ ಬಹುದೂರ ಬಂತು. ಆ ಪರಿಮಳದಲ್ಲಿ ನಾನು ಅರಸರ ಸುಂಕದ ಅಧಿಕಾರಿಯಾದೆ. ತಲೆಗೆ ಜರಿಯ ರುಮಾಲು. ನಿಂಗೇಗೌಡರು ಪಂಜಿನ ಬೆಳಕಿನಲ್ಲಿ ಮಂಡಿಯೂರಿ ವರಹಗಳ ಚೀಲವನ್ನು ಬಿಚ್ಚುತ್ತಿದ್ದರು. ಚೀಲದಿಂದ ವರಹಗಳ ಬದಲು ಹಕ್ಕಿಗಳು ಒಂದೊಂದಾಗಿ ಹಾರಿ ಬಂದು ಶಾರದೆಯ ಭುಜದ ಮೇಲೆ ಕೂರುತ್ತಿದ್ದವು.

"ಯಜಮಾನ್ರೇ, ಏಳಿ. ಲಾಸ್ಟ್ ಸ್ಟಾಪು."

ಇಳಿದು ನೋಡಿದರೆ ನಾಗಮಂಗಲ.

"ಕೃಷ್ಣರಾಜಪೇಟೆ ಎಲ್ಲಿ?" ಎಂದೆ.

"ಅದು ಅಲ್ಲೇ ಅದೆ ಸಾ, ನೀವು ಇಲ್ಲಿಗೆ ಬಂದ್ಬುಟ್ಟಿದ್ದೀರಿ" ಎಂದ ನಿರ್ವಾಹಕ. "ಚೀಟೀಲೇ ಬರ್ದದಲ್ಲ. ಅಷ್ಟೊತ್ತು ನೋಡ್ತಿದ್ರಿ, ಏನ್ ನೋಡುದ್ರಿ?"

ದಿನಾಂಕ ನೋಡಿದೆ ಎಂದು ಹೇಳುವ ಧೈರ್ಯವಾಗಲಿಲ್ಲ. ಬಂದದ್ದು ಬಂದೆ ಎಂದು ಅಲ್ಲಿನ ಹಳೆಯ ದೇವಾಲಯದ ಜಗಲಿಯ ಮೇಲೆ ಕುಳಿತು ಒಂದು ಶಾಸನವನ್ನು ಓದಿದೆ. ಬಿಸಿಲು ಕಂಬದಿಂದ ಕಂಬಕ್ಕೆ ಸರಿಯಿತು. ಹಿಂದಿನವರ ವಾಚನದಲ್ಲಿ ಒಂದು ಅಕ್ಷರದ ದೀರ್ಘ ಬಿಟ್ಟುಹೋಗಿದ್ದುದನ್ನು ಕಂಡುಹಿಡಿದು, ಪರಮಾನಂದದಿಂದ ಮನೆಗೆ ಮರಳಿದೆ.

"ದುಡ್ಡು ಸಿಕ್ತಾ?" ಎಂದಳು ಶಾರದೆ.

"ಒಂದು ದೀರ್ಘ ಸಿಕ್ಕಿತು" ಎಂದೆ.

ಅವಳಿಗೆ ಅದು ಸ್ಪಷ್ಟವಾಗಿ ಕೇಳಿಸಿತೆಂದು ಅವಳ ಮುಖದಿಂದ ತಿಳಿಯಿತು.

ಎರಡನೆಯ ಸಲ ಬಸ್ಸಿನ ಫಲಕವನ್ನು ಓದಿ ಹತ್ತಿದೆ. ಗೌಡರ ಮನೆ ತಲುಪಿದಾಗ ಊಟದ ಹೊತ್ತು. ಬಾಗಿಲಲ್ಲೇ ಮಾತು ಮುಗಿಸಬೇಕೆಂದು ಹೊರಟವನು ನಾನು. ಆದರೆ ಕಾಲು ತೊಳೆಯಲು ನೀರು ಕೊಟ್ಟವರ ಮುಂದೆ ಬಾಕಿಯ ಮಾತನ್ನು ಎತ್ತುವುದು ಹೇಗೆ?

"ಗೌಡರೇ, ಆ ಬಿಲ್ಲಿನ ವಿಷಯ..." ಎಂದೆ.

"ಎಲೆ ಮುಂದೆ ಯಾವಾರ ಮಾತಾಡ್ಬಾರ್ದು ಸಾ" ಎಂದರು ಗೌಡರು. "ಮೊದ್ಲು ಉಣ್ಣಿ."

ಮುದ್ದೆ ಬಂತು, ಹಿತಕಿದವರೆ ಸಾರು ಬಂತು, ಸಾಕೆನ್ನುವಷ್ಟರಲ್ಲಿ ಇನ್ನೊಂದು ಮುದ್ದೆ ಬಂತು. ಗೌಡರ ವೃದ್ಧ ತಾಯಿ ಸಣ್ಣಮ್ಮನವರು ಎದುರು ನಿಂತು, "ಉಣ್ಣು ಸ್ವಾಮಿ, ಬರೇ ಅಕ್ಸರ ಬರ್ದು ಬರ್ದು ಸೊರಗೋಗಿದ್ದೀಯ" ಎಂದು ತುಪ್ಪ ಹಾಕಿದರು.

ಕೈ ತೊಳೆದು ಮತ್ತೆ, "ಆ ಬಿಲ್ಲು..." ಎಂದೆ.

"ಉಂಡ್ ಮ್ಯಾಲೆ ಯಾವಾರ ಮಾತಾಡುದ್ರೆ ಉಂಡಿದ್ದು ಮೈಗತ್ತಲ್ಲ ಸಾ. ಒಸಿ ಮನಿಕ್ಕಳಿ."

ಹೊಂಗೆಯ ನೆರಳಿನಲ್ಲಿ ಮಂಚವೊಂದು ನನಗಾಗಿ ಕಾದಿತ್ತು. ನಾನು ಮಲಗುವುದಿಲ್ಲವೆಂದೇ ನಿರ್ಧರಿಸಿ ಸುಮ್ಮನೆ ಒರಗಿದೆ. ಹೊಂಗೆಯ ಹೂವು ಎದೆಯ ಮೇಲೆ ಉದುರುತ್ತಿತ್ತು. ದೂರದಲ್ಲಿ ಗಿರಣಿಯ ಸದ್ದು ಹೊಳೆಯ ಸದ್ದಿನಂತಾಯಿತು. ಯಾರೋ ಒಬ್ಬ ರೂವಾರಿ, ಹಳೆಯ ಕಾಲದವನು, ಇದೇ ನೆರಳಿನಲ್ಲಿ ಕುಳಿತು ತಾಮ್ರದ ಹಲಗೆಯ ಮೇಲೆ ಅಕ್ಷರ ಕೊರೆಯುತ್ತಿದ್ದ. ಅವನ ಬಾಯಲ್ಲಿ ಎಲೆಯಡಿಕೆ. ಕೊರೆಯುತ್ತ ಕೊರೆಯುತ್ತ ಅವನ ತಲೆ ತೂಗಿತು. ಉಳಿ ನಿಂತಿತು.

ಎದ್ದಾಗ ನೆರಳು ಉದ್ದವಾಗಿತ್ತು. ಈಗಲಾದರೂ ಕೇಳಿಯೇಬಿಡಬೇಕೆಂದು ಪಂಚೆ ಸರಿಪಡಿಸಿಕೊಳ್ಳುವಷ್ಟರಲ್ಲಿ ಗೌಡರೇ ಕೈ ಹಿಡಿದರು.

"ಬನ್ನಿ ಸಾ, ನಿಮ್ಮ ಬಿನ್ನವತ್ತಳೆ ಎಲ್ಲಿ ಮಡಗಿವ್ನಿ ನೋಡುರಂತೆ."

ಮನೆಯ ಪಕ್ಕದಲ್ಲೇ ಇದ್ದ ಕಲ್ಯಾಣಮಂಟಪದ ಹೆಬ್ಬಾಗಿಲಿನೊಳಗೆ, ಎಲ್ಲರ ಕಣ್ಣಿಗೂ ಬೀಳುವಂತೆ, ಚಿನ್ನದ ಬಣ್ಣದ ಕಟ್ಟಿನಲ್ಲಿ, ಗಾಜಿನ ಹಿಂದೆ, ಸೇವಂತಿಗೆ ಹಾರ ತೊಟ್ಟು, ಸುತ್ತಲೂ ಮಿಣಮಿಣ ದೀಪಗಳ ನಡುವೆ ನನ್ನ ಬಿಲ್ಲು ವಿರಾಜಮಾನವಾಗಿತ್ತು! ಯಾವುದೋ ಮದುವೆಯ ಬೀಗರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ನಿಜ ಹೇಳಬೇಕೆಂದರೆ, ನನಗೆ ಮೊದಲು ಬಂದದ್ದು ಕೋಪವಲ್ಲ. ಅಕ್ಷರಗಳು ಎಷ್ಟು ದುಂಡಗೆ ಬಂದಿವೆ ಎಂಬ ಹೆಮ್ಮೆ. ಆಮೇಲೆ ಗಮನಿಸಿದೆ: ವಂಶವರ್ಣನೆಯವರೆಗೆ ಎಲ್ಲವೂ ಇತ್ತು. ಮೊತ್ತವಿದ್ದ ಸಾಲು ಇರಲಿಲ್ಲ. ಕಾಗದದ ಕೆಳಭಾಗವನ್ನು ಕಟ್ಟಿನೊಳಗೆ ಮಡಚಲಾಗಿತ್ತು. ಶಾಸನದ ಕೆಳಭಾಗ ಹೂತುಹೋಗಿದೆ, ಅಗೆದು ನೋಡಿದರೆ ಹೆಚ್ಚಿನ ಸಂಗತಿಗಳು ತಿಳಿಯಬಹುದು, ಎಂದು ನನ್ನ ವರದಿಗಳಲ್ಲಿ ನಾನೇ ಎಷ್ಟೋ ಸಲ ಬರೆದಿದ್ದೇನೆ.

"ಗೌಡರೇ, ಇದರ ಕೆಳಗೆ ಇನ್ನೂ ಎರಡು ಸಾಲುಗಳಿವೆ" ಎಂದೆ, ಸಾಧ್ಯವಾದಷ್ಟು ಮೃದುವಾಗಿ.

"ಓದಿವ್ನಿ ಸಾ. ಶಾಪ ಕಾಣ್ಬಾರ್ದು ಅಂತ್ಲೇ ಮಡಚ್ಸಿದ್ದು. ಮದ್ವೆ ಮಾಡೋ ಜಾಗ ಅಲ್ವಾ?"

"ಶಾಪದ ಮೇಲಿನ ಸಾಲು?"

ಗೌಡರು ಗೋಡೆಯ ಮೊಳೆಯಿಂದ ಕ್ಯಾಲೆಂಡರನ್ನು ಇಳಿಸಿ, ಹಾಳೆ ಹಿಂದಕ್ಕೆ ಮಗುಚಿ, ನನ್ನ ಕೈಗಿತ್ತರು.

"ನೀವು ಬಿಲ್ನಾಗೆ ಏನ್ ಬರ್ದಿದ್ದೀರಿ ಓದಿ ಸಾ. ಏಕಾದಸಿ, ಸೋಮವಾರ. ಆ ಏಕಾದಸಿ ಯಾವತ್ತು ಬಂದದೆ ಇದ್ರಾಗೆ ನೋಡಿ."

ನೋಡಿದೆ. ಗುರುವಾರ.

ಹೊಂಗೆಯ ನೆರಳಿನ ಮಂಪರು ಆ ಕ್ಷಣಕ್ಕೆ ಇಳಿಯಿತು. ಕರಡು ಮುಗಿದದ್ದು ಅಷ್ಟಮಿಯ ಸೋಮವಾರ. ವಂಶವರ್ಣನೆಗೆ ವಿಶೇಷಣಗಳು ಸಾಲದೆಂದು ತಿದ್ದುತ್ತ ಕುಳಿತು, ಶುದ್ಧಪ್ರತಿ ಮುಗಿಸುವಾಗ ಏಕಾದಶಿಯಾಗಿತ್ತು. ತಿಥಿಯನ್ನು ಬದಲಾಯಿಸಿದೆ. ವಾರವನ್ನು ಮರೆತೆ.

"ತಿಥಿ ವಾರ ಕೂಡದಿದ್ರೆ ಖೊಟ್ಟಿ ಅಂತ ಬರ್ದವ್ರು ನೀವು" ಎಂದರು ಗೌಡರು. ದನಿ ಏರಲಿಲ್ಲ. "ಪುಸ್ತಕನ ನಾನು ಓದಿರ್ನಿಲ್ಲ ಸಾ. ನಮ್ಮ ಬೀಗ್ರು ಓದವ್ರೆ. ತುಂಬಿದ್ ಪಂತೀಲಿ, ಏನ್ಲಾ ನಿಂಗ, ನಿಮ್ಮ ತಾತ ಕಳ್ಪಟ ಮಾಡ್ಸಿದ್ನಂತಲ್ಲ, ಅಂತ ಕೇಳುದ್ರು. ಆವತ್ತಿಂದ ನಮ್ಮವ್ವ ಪೆಟ್ಗೆ ಮುಚ್ಚಳ ತೆಗ್ದಿಲ್ಲ. ಇದು ಬಂತಲ್ಲ, ಇದ್ನ ಓದ್ಸಿ ಕೇಳಿ ಅವ್ವ ಅತ್ಬುಟ್ಲು. ಪುಸ್ತಕದಾಗೆ ಕಿತ್ಕಂಡ ಮರ್ವಾದೆನ ಬಿಲ್ನಾಗೆ ಕೊಟ್ರಲ್ಲ ಅಂತ ಕಟ್ಟು ಹಾಕ್ಸುದೆ. ಆದ್ರೆ ದುಡ್ಡು ಯಾಕೆ ಕೊಡ್ಲಿ? ಖೊಟ್ಟಿ ಬಿಲ್ಗೆ ಅಸಲಿ ದುಡ್ಡಾ?"

ಪ್ರತಿಪಕ್ಷದ ವಾದದಲ್ಲಿ ದೋಷವಿರಲಿಲ್ಲ. ಪ್ರಮಾಣಗ್ರಂಥವೂ ನನ್ನದೇ.

ನಾನು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಕನಸಿನ ರೂವಾರಿ ನೆನಪಿಗೆ ಬಂದ. ಬಿಲ್ಲನ್ನು ಬರೆದವನು ನಾನೇ. ಅದು ಖೊಟ್ಟಿಯಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಹಾಗಿದ್ದಮೇಲೆ ತಾಮ್ರಪಟ ಮಾತ್ರ ಹೇಗೆ ಖೊಟ್ಟಿಯಾದೀತು? ಅದನ್ನು ಕೊರೆದವನಿಗೂ ಯಾರೋ ಹೊಟ್ಟೆ ತುಂಬ ಮುದ್ದೆಯಿಕ್ಕಿ ಮಂಚ ಹಾಕಿಕೊಟ್ಟಿರಬಾರದೇಕೆ? ವೃತ್ತಿಜೀವನವಿಡೀ ನನಗೆ ಹೊಳೆಯದ ಈ ಸಂಶೋಧನಾತತ್ತ್ವ ಹೊಳೆದದ್ದು ಬಿಲ್ಲು ವಸೂಲಿಗೆ ಬಂದ ದಿನ.

"ಗೌಡರೇ, ತಿಥಿ ತಪ್ಪಿದ ಮಾತ್ರಕ್ಕೆ ದಾಖಲೆ ಖೊಟ್ಟಿಯೆನ್ನಲಾಗದು. ಬರೆದವನು ನನ್ನಂಥವನಾಗಿರಬಹುದು."

"ಅದ್ನೇ ಬರ್ಕೊಡಿ ಸಾ."

ಬರೆದುಕೊಟ್ಟೆ. ಉಳಿದ ಪ್ರತಿಗಳಿಗೆಲ್ಲ ಆ ತಿದ್ದುಪಡಿಯನ್ನು ಅಂಟಿಸುವುದೆಂದಾಯಿತು. ಸಣ್ಣಮ್ಮನವರು ಮನೆಯಿಂದ ಬಂದು ನಿಂತರು.

"ಅಂಗಾರೆ ನಮ್ಮ ಮಾವ ಕಳ್ಳ ಅಲ್ಲ ಅಲ್ವಾ ಸ್ವಾಮಿ?"

"ಅಲ್ಲ ತಾಯಿ. ಬರೆದವನಿಗೆ ನಿದ್ದೆ ಬಂದಿತ್ತು."

"ಬರ್ತದೆ ಬುಡು. ನೀನೂ ಈಗ್ತಾನೆ ಗೊರ್ಕೆ ಒಡೀತಿದ್ದೆ" ಎಂದು ಆ ತಾಯಿ ಪೆಟ್ಟಿಗೆ ತೆರೆಯಲು ಮನೆಯತ್ತ ಹೋದರು.

ಗೌಡರು ಗಿರಣಿಯ ಚೀಟಿಪುಸ್ತಕದಿಂದ ಒಂದು ಹಾಳೆ ಹರಿದು ಕೊಟ್ಟರು. "ಎರಡೇ ಸಾಲು ಬರೀರಿ ಸಾ. ನಮ್ಮ ವಂಸದ ಸುದ್ದಿ ಬ್ಯಾಡಿ." ಎರಡೇ ಸಾಲು ಬರೆದೆ. ಹಣ ಬಂತು. ಗೋಡೆಯ ಮೇಲಿನ ಬಿಲ್ಲನ್ನು ತೆಗೆದುಬಿಡಿ, ಅದರಲ್ಲಿ ತಪ್ಪಿದೆ, ಎಂದು ಬೇಡಿಕೊಂಡೆ. "ತಪ್ಪಿದ್ರೂ ಚೆಂದಾಗದೆ, ಇರ್ಲಿ ಬುಡಿ" ಎಂದರು. ಈಗಲೂ ಅಲ್ಲಿದೆ. ಪ್ರತಿ ಲಗ್ನದಲ್ಲೂ ಒಂದು ಹೊಸ ಬಳಗ ನನ್ನ ತಪ್ಪು ವಾರದ ಕೆಳಗೆ ನಿಂತು ನಗುತ್ತದೆ.

ಶಾರದೆಗೆ ಕಿವಿಯ ಯಂತ್ರ ಬಂತು. ಮರುದಿನ ಮುಂಜಾನೆ ಹಿತ್ತಿಲ ಮೆಟ್ಟಿಲ ಮೇಲೆ ಕುಳಿತೆವು. ಮಂಜು ಎಂದಿನಂತೆ ನೀರಿನಿಂದೆದ್ದು ಬಂತು. ಅವಳು ಯಂತ್ರವನ್ನು ಕಿವಿಗಿಟ್ಟು, ತಲೆಯನ್ನು ಒಂದಿಷ್ಟು ವಾಲಿಸಿ, ಅಲುಗದೆ ಕುಳಿತಳು. ಆಮೇಲೆ ಮೆಲ್ಲನೆ ಹೇಳಿದಳು:

"ಮದುವೆಯಾಗಿ ಈ ಮನೆಗೆ ಬಂದ ಮೊದಲ್ನೇ ಬೆಳಗ್ಗೆ, ಶುಕ್ರವಾರ, ಇದೇ ಹಕ್ಕಿ ಕೂಗ್ತಿತ್ತು ರೀ."

"ಶುಕ್ರವಾರವಲ್ಲ, ಗುರುವಾರ" ಎಂದೆ. "ಹೇಗೆಂದರೆ, ಲಗ್ನ ಆದದ್ದು ದಶಮಿ. ಆ ವರ್ಷದ ದಶಮಿ..."

ಶಾರದೆ ಯಂತ್ರವನ್ನು ಕಿವಿಯಿಂದ ತೆಗೆದು, ಡಬ್ಬಿಯಲ್ಲಿಟ್ಟು, ಮುಚ್ಚಳ ಹಾಕಿದಳು.

"ಬ್ಯಾಟ್ರಿ ಉಳೀಲಿ" ಎಂದಳು.

ನಾನು ಒಳಗೆ ಹೋಗಿ ಆ ವರ್ಷದ ಪಂಚಾಂಗವನ್ನು ಹುಡುಕಿ ತೆಗೆದು ನೋಡಿದೆ. ಶುಕ್ರವಾರ.