ಬದುಕಿಸುವ ಕೌಂಟರ್

ಜನನ ಮರಣ ವಿಭಾಗದ ಪ್ರೋಗ್ರಾಮರನ್ನು ಆ ಕಚೇರಿಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಟೆಂಪರರಿ ಎಂದು. ಕೆಲಸಕ್ಕೆ ಸೇರಿದಾಗ ಇದ್ದ ಕೂದಲು ಅರ್ಧ ಉದುರಿದ್ದರೂ ಕೆಲಸ ಮಾತ್ರ ಖಾಯಂ ಆಗಿರಲಿಲ್ಲ. ಹೊಸ ತಂತ್ರಾಂಶ ಸರಿಯಾಗಿ ಓಡಿದರೆ ಮರುದಿನವೇ ಆದೇಶಕ್ಕೆ ಸಹಿ ಹಾಕುತ್ತೇನೆಂದು ಸಾಹೇಬರು ಮಾತು ಕೊಟ್ಟಿದ್ದರು.

ಎಡವಟ್ಟಾದದ್ದು ಒಂದು ಕಾಲಂನಲ್ಲಿ. ಹೆಸರು ತುಂಬುವ ಕಾಲಂ ಯೂನಿಕೋಡ್ ಎಂದು ಕಂಪ್ಯೂಟರಿಗೆ ಮೊದಲೇ ಹೇಳಿರಬೇಕು. ಹೇಳದಿದ್ದರೆ ಅದಕ್ಕೆ ಇಂಗ್ಲಿಷ್ ಬಿಟ್ಟು ಬೇರೆ ಅಕ್ಷರ ಗೊತ್ತಾಗುವುದಿಲ್ಲ. ಗೊತ್ತಾಗದ ಪ್ರತಿ ಅಕ್ಷರಕ್ಕೂ ಒಂದು ಪ್ರಶ್ನೆಚಿಹ್ನೆ ಹಾಕಿ ಕೈತೊಳೆದುಕೊಳ್ಳುತ್ತದೆ. ಟೆಂಪರರಿ ಹೇಳುವುದನ್ನು ಮರೆತಿದ್ದ. ಪರೀಕ್ಷೆಗೆಂದು ತನ್ನ ಹೆಸರನ್ನೇ ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಚೆನ್ನಾಗಿ ಬಂತೆಂದು ತನ್ನ ಬೆನ್ನು ತಾನೇ ತಟ್ಟಿಕೊಂಡು, ಇಡೀ ಊರಿನ ಹೆಸರುಗಳನ್ನು ಅದರೊಳಗೆ ಸುರಿದು ಮನೆಗೆ ಹೋದ.

ತಂತ್ರಾಂಶ ತನ್ನ ಪಾಡಿಗೆ ಸತ್ತವರ ಹೆಸರುಗಳನ್ನು ಬದುಕಿದ್ದವರ ಹೆಸರುಗಳೊಂದಿಗೆ ತಾಳೆ ನೋಡಿತು. ಇಲ್ಲೂ ಐದು ಪ್ರಶ್ನೆಚಿಹ್ನೆ, ಅಲ್ಲೂ ಐದು. ಇಬ್ಬರೂ ಒಬ್ಬರೇ ಎಂದು ತೀರ್ಮಾನಿಸಿ, ಊರಿನ ಮುಕ್ಕಾಲು ಪಾಲನ್ನು ಸಾಯಿಸಿ, ಎಲ್ಲರ ಮೊಬೈಲಿಗೂ ಸಂತಾಪ ಸಂದೇಶ ಕಳಿಸಿತು.

ಬೆಳಿಗ್ಗೆ ಅವನು ಮೆಟ್ಟಿಲು ಹತ್ತಿ ಬಂದಾಗ ಕಾರಿಡಾರಿನ ಬೆಂಚುಗಳೆಲ್ಲ ತುಂಬಿದ್ದವು. ಜಗಳವಿಲ್ಲ, ಗದ್ದಲವಿಲ್ಲ. ಸರಕಾರಿ ಕಚೇರಿಯಲ್ಲಿ ಅಷ್ಟು ಜನ ಸುಮ್ಮನೆ ಕೂತದ್ದನ್ನು ಕಂಡೇ ಅವನಿಗೆ ಮೈ ಜುಮ್ಮೆಂದಿತು.

ಮೊದಲು ಎದ್ದು ಬಂದವನು ಬಸ್ ನಿಲ್ದಾಣದ ಬಳಿಯ ಟೈಲರ್. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು.

"ಸಾರ್, ನಾನು ಹೋಗ್ಬಿಟ್ಟಿದ್ದೀನಂತೆ," ಎಂದ ಮೆಲ್ಲಗೆ.

"ಕಂಪ್ಯೂಟರ್ ತಪ್ಪು ಅದು. ಸರಿ ಮಾಡ್ಕೊಡ್ತೀನಿ."

"ತಪ್ಪೋ ಸರಿಯೋ, ಬೆಳಗ್ಗೆಯಿಂದ ಯಾರೂ ನನ್ನನ್ನ ಮಾತಾಡಿಸ್ತಿಲ್ಲ ಸಾರ್. ಬಸ್ಸಿಗೆ ಕೈ ತೋರಿಸ್ದೆ, ನಿಲ್ಲಿಸ್ಲಿಲ್ಲ. ಗಿರಾಕಿ ನನ್ನ ಎದುರಿಗೇ ನಿಂತ್ಕೊಂಡು, ಟೈಲರ್ ಯಾಕೆ ಬಂದಿಲ್ಲ ಅಂತ ಪಕ್ಕದಂಗಡಿಯವನನ್ನ ಕೇಳಿದ."

ಟೆಂಪರರಿ ಧೈರ್ಯ ಹೇಳಲು ಅವನ ಕೈ ಹಿಡಿದ. ಆ ಸೆಕೆಯಲ್ಲೂ ಕೈ ತಣ್ಣಗಿತ್ತು. ಮೆಲ್ಲಗೆ ಬಿಟ್ಟುಬಿಟ್ಟ.

ಓಡಿಹೋಗಿ ಕಾಲಮನ್ನು ಯೂನಿಕೋಡ್ ಮಾಡಿದ. ಪ್ರಶ್ನೆಚಿಹ್ನೆಗಳು ಕದಲಲಿಲ್ಲ. ಒಮ್ಮೆ ಹೋದ ಅಕ್ಷರ ತಾನಾಗಿ ವಾಪಸು ಬರುವುದಿಲ್ಲ. ಹಳೆಯ ಪ್ರತಿಯೊಂದು ಇದ್ದದ್ದರಿಂದ ಬಚಾವಾಗಿ, ಅದರಿಂದ ಹೆಸರುಗಳನ್ನು ಮತ್ತೆ ತುಂಬಿಸಿದ. ಹೆಸರುಗಳೇನೋ ಬಂದವು. ಆದರೆ ಎಲ್ಲರ ಮುಂದೆಯೂ 'ಮೃತ' ಎಂಬ ಗುರುತು ಹಾಗೇ ಕೂತಿತ್ತು.

"ಇರಲಾರದೆ ಇರುವೆ ಬಿಟ್ಕೊಂಡೆ ನೀನು," ಎಂದರು ಬೆನ್ನ ಹಿಂದೆ ಬಂದು ನಿಂತ ಹೆಡ್ ಕ್ಲರ್ಕ್ ಅಕ್ಕ. "ಹಳೇದು ಚೆನ್ನಾಗಿಯೇ ಇತ್ತಲ್ಲೋ."

ಅಷ್ಟರಲ್ಲಿ ಸಾಹೇಬರು ಇಣುಕಿದರು. "ನಾನು ಊಟ ಮುಗಿಸ್ಕೊಂಡು ಬರೋದ್ರೊಳಗೆ ಕಾರಿಡಾರಲ್ಲಿ ಒಂದು ನರಪಿಳ್ಳೆ ಇರಬಾರ್ದು. ಇದ್ರೆ ನಾಳೆಯಿಂದ ನೀನೂ ಬರೋದು ಬೇಡ."

ಟೆಂಪರರಿ ಒಬ್ಬೊಬ್ಬರನ್ನೇ ಬದುಕಿಸತೊಡಗಿದ. ಹೀಗೆ ಮಾಡಿದರೆ ತನ್ನ ಆಯುಷ್ಯವೇ ಮುಗಿದುಹೋಗುತ್ತದೆ ಅನ್ನಿಸಿತು.

"ಅದೇನು ಇರುವೆ ಸಕ್ಕರೆ ಹೊತ್ತಂಗೆ ಹೊರ್ತೀಯ?" ಎಂದರು ಅಕ್ಕ. "ಎಲ್ರೂ ಬದುಕಿದ್ದಾರೆ ಅಂತ ಒಂದೇ ಸಲಕ್ಕೆ ಹಾಕು."

"ಎಲ್ರೂನಾ ಅಕ್ಕಾ?"

"ಎಲ್ರೂನೂ. ಬದುಕಿಸಿದ್ರೆ ಯಾರು ಬಂದು ಜಗಳ ಆಡ್ತಾರೆ?"

ಮಾತು ಸರಿಯೆನಿಸಿತು. ಒಂದೇ ಸಾಲಿನ ಆಜ್ಞೆ ಬರೆದು ಗುಂಡಿ ಒತ್ತಿದ. 'ತಾವು ಜೀವಂತವಾಗಿದ್ದೀರಿ, ಅಭಿನಂದನೆಗಳು' ಎಂದು ಊರಿಗೆಲ್ಲ ಸಂದೇಶ ಹೋಯಿತು. ಕಾರಿಡಾರಿನಲ್ಲಿ ಮೊಬೈಲುಗಳು ಸಾಲಾಗಿ ಗುಂಯ್ ಎಂದವು. ಜನ ಕೆಮ್ಮಿದರು, ಆಕಳಿಸಿದರು, ಕಚೇರಿಯನ್ನು ಬಾಯ್ತುಂಬ ಬೈಯುತ್ತ ಮೆಟ್ಟಿಲಿಳಿದರು. ಆ ಬೈಗುಳ ಕೇಳಿ ಟೆಂಪರರಿಗೆ ಹೋದ ಜೀವ ಬಂದಂತಾಯಿತು.

ಸಾಹೇಬರು ಬಂದು ಖಾಲಿ ಬೆಂಚು ನೋಡಿ, ಖುಷಿಯಾಗಿ ಆದೇಶ ತರಿಸಿದರು. ಪೆನ್ನಿನ ಮುಚ್ಚಳ ತೆಗೆದವರು ಹಾಗೇ ತಲೆಯೆತ್ತಿದರು.

"ಹೊರಗೆ ಮತ್ತೆ ಯಾರದು?"

ಟೆಂಪರರಿ ಹೋಗಿ ನೋಡಿದ. ಬೆಂಚುಗಳು ಮತ್ತೆ ತುಂಬಿದ್ದವು. ಸಾಲು ಮೆಟ್ಟಿಲಿನಾಚೆಗೂ ಇಳಿದಿತ್ತು. ಮೆಟ್ಟಿಲ ಮೇಲೆ ಒಂದು ಹೆಜ್ಜೆಯ ಸದ್ದೂ ಆಗಿರಲಿಲ್ಲ. ಮುಂದಿದ್ದ ಅಜ್ಜಿಯ ಸೀರೆಯ ಅಂಚಿಗೆ ಹಸಿ ಮಣ್ಣು ಮೆತ್ತಿತ್ತು.

"ಅಜ್ಜಿ, ಎಲ್ಲ ಸರಿಹೋಯ್ತಲ್ಲ. ನೀವು ಬದುಕಿದ್ದೀರಿ," ಎಂದ.

"ಹಾಗಂತ ಮನೆಗೆ ಮೆಸೇಜ್ ಬಂತಂತೆ ಕಣಪ್ಪ. ಕರೆದ ಹಾಗಾಯ್ತು, ಎದ್ದು ಬಂದೆ. ನೋಡಿದ್ರೆ ನನ್ನ ರೂಮಲ್ಲಿ ಸೊಸೆ ಹೊಲಿಗೆ ಮಿಷನ್ನು ಇಟ್ಕೊಂಡಿದ್ದಾಳೆ. ನಾನೀಗ ಎಲ್ಲಿರ್ಲಿ?"

ಒಳಗೆ ಸಾಹೇಬರು ಪೆನ್ನಿನ ಮುಚ್ಚಳ ಹಾಕಿದ ಸದ್ದು ಕೇಳಿಸಿತು.

ಆಗ ಅಜ್ಜಿಯ ಹಿಂದಿನಿಂದ ಯಾರೋ ಗಂಟಲು ಸರಿಪಡಿಸಿಕೊಂಡರು. ಹೋದ ವರ್ಷ ಅವನೇ ಹೆಗಲು ಕೊಟ್ಟು ಕಳಿಸಿ ಬಂದಿದ್ದ, ಅವನ ಹೆಂಡತಿಯ ಅಪ್ಪ. ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಏನ್ ಅಳಿಯಂದ್ರೇ," ಎಂದರು. "ನಾನು ಹೋಗಿ ವಾಪಸ್ಸೂ ಬಂದೆ. ನೀವಿನ್ನೂ ಖಾಯಂ ಆಗ್ಲಿಲ್ವಾ?"