ಸರ್ಕಾರ ಕೊಟ್ಟ ಬಿಡುವು

ಕರೆಂಟು ಹೋಗಲಪ್ಪಾ ಎಂದು ನಂಜುಂಡೇಶ್ವರನಿಗೆ ಹರಕೆ ಹೊತ್ತ ಹೆಂಗಸು ಇಡೀ ನಂಜನಗೂಡಿನಲ್ಲಿ ಒಬ್ಬರೇ. ಅವರು ನನ್ನ ಅತ್ತೆ. ಇಷ್ಟನ್ನು ಮಾತ್ರ ನಾನು ಧೈರ್ಯವಾಗಿ ಹೇಳಬಲ್ಲೆ. ಉಳಿದ ವಿವರಗಳಲ್ಲಿ ಹೆಚ್ಚುಕಡಿಮೆ ಇರಬಹುದು. ದಿನಚರಿ ಬರೆಯುವವಳಿಗೆ ಎಂಥ ಅನುಮಾನ ಎನ್ನಬೇಡಿ. ನಾನು ಒಂದೇ ಘಟನೆಯನ್ನು ಎರಡು ಕಡೆ ಎರಡು ಥರ ಬರೆದಿಟ್ಟುಕೊಂಡವಳು, ಮತ್ತು ಎರಡರಲ್ಲೂ ಜಾಣತನದ ಮಾತು ಆಡಿದವಳು ನಾನೇ ಆಗಿದ್ದೇನೆ. ಇಂಥ ಸಾಕ್ಷಿಯನ್ನು ಯಾವ ಕೋರ್ಟು ನಂಬುತ್ತದೆ?

ಅತ್ತೆ ಎಂದರೆ ಸೋದರಮಾವನ ಹೆಂಡತಿ, ಹೆಡತಲೆ ಎಂಬ ಹಳ್ಳಿಯ ಕಡೆಯವರು. ಮಾವನದು ಜಾಬ್ ಟೈಪಿಂಗ್ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಹೆಣ್ಣು ನೋಡಲು ಹೋದವರು ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳುವುದು ವಾಡಿಕೆ. ಮಾವ ಕೇಳಿದ್ದು, "ಕನ್ನಡ ಟೈಪಿಂಗ್ ಸೀನಿಯರ್ ಪರೀಕ್ಷೆ ಆಗಿದೆಯಾ?" ಆಗಿದೆ ಎಂದ ಮೇಲೆಯೇ ಹುಡುಗಿಯ ಮುಖ ನೋಡಿದರಂತೆ. ನಮ್ಮಮ್ಮ ಈ ಕಥೆಯನ್ನು ತಮ್ಮನ ಬುದ್ಧಿವಂತಿಕೆಯನ್ನು ಹೊಗಳುವುದಕ್ಕೆ ಹೇಳುತ್ತಿದ್ದಳು.

ತೊಂಬತ್ತರ ದಶಕದ ನಡುವೆಲ್ಲೋ ಟೈಪ್‌ರೈಟರ್ ಅಟ್ಟ ಸೇರಿ ಕಂಪ್ಯೂಟರ್ ಬಂತು. ಮದುವೆ ಪತ್ರಿಕೆ, ಗೃಹಪ್ರವೇಶ, ಶಾಲೆಯ ಪ್ರಶ್ನೆಪತ್ರಿಕೆ, ಶ್ರದ್ಧಾಂಜಲಿ, ಹೀಗೆ ತಾಲ್ಲೂಕಿನ ಸುಖದುಃಖವೆಲ್ಲ ಅತ್ತೆಯ ಬೆರಳುಗಳ ಮೂಲಕ ಹಾದುಹೋಗತೊಡಗಿತು. ಯಂತ್ರ ಕೂರಿಸಲು ಮೈಸೂರಿನಿಂದ ಬಂದವನು ಹೋಗುವಾಗ ಒಂದು ಮಾತು ಹೇಳಿದ್ದ: "ಒಂದೇ ಸಮ ಓಡಿಸ್ಬೇಡಿ ಸಾರ್, ಬಿಸಿಯಾಗುತ್ತೆ. ಮಧ್ಯಾಹ್ನ ಸ್ವಲ್ಪ ರೆಸ್ಟ್ ಕೊಡಿ."

ಮಾವನಿಗೆ ಅದು ವೇದವಾಯಿತು. ಮನೆಗಿದ್ದ ಒಂದೇ ಟೇಬಲ್ ಫ್ಯಾನು ಕಂಪ್ಯೂಟರಿನ ಕಡೆಗೆ ತಿರುಗಿತು. ಮಧ್ಯಾಹ್ನ ಯಂತ್ರವನ್ನು ಆರಿಸಿ, ಕಸೂತಿ ಹಾಕಿದ ಬಟ್ಟೆ ಹೊದಿಸಿ, "ಯಾರೂ ಮುಟ್ಬೇಡಿ, ತಣ್ಣಗಾಗ್ಲಿ" ಎನ್ನುತ್ತಿದ್ದರು. ಅದು ತಣ್ಣಗಾಗುವಷ್ಟರಲ್ಲಿ ಅತ್ತೆ ಅಡುಗೆ ಮಾಡಿ, ಬಡಿಸಿ, ಪಾತ್ರೆ ತೊಳೆದು, ಸೆರಗಲ್ಲಿ ಮುಖ ಒರೆಸಿಕೊಂಡು ಬಂದು ಕೂರಬೇಕು. ಯಂತ್ರದ ವಿಶ್ರಾಂತಿ ಮುಗಿಯುವುದಕ್ಕೂ ಅತ್ತೆಯ ಎರಡನೇ ಪಾಳಿ ಮುಗಿದು ಮೂರನೆಯದು ಶುರುವಾಗುವುದಕ್ಕೂ ಸರಿಹೋಗುತ್ತಿತ್ತು. ಇನ್ನು ಮಾವ? ಅವರು ದಿನಕ್ಕೆ ನಾಲ್ಕಾರು ಸಲ ಹೋಟೆಲಿಗೆ ಹೋಗಿ ಕಾಫಿ ಕುಡಿಯುತ್ತಿದ್ದರು. ಅದು ಬಿಡುವಲ್ಲ, ಗಿರಾಕಿ ಹಿಡಿಯುವ ವ್ಯವಹಾರ.

ಹೀಗಿರುವಾಗ ಅತ್ತೆಯನ್ನು ಕುರ್ಚಿಯಿಂದ ಎಬ್ಬಿಸುವ ಶಕ್ತಿ ಲೋಕದಲ್ಲಿ ಒಂದೇ ಒಂದಿತ್ತು: ಲೋಡ್ ಶೆಡ್ಡಿಂಗ್. ಊರೆಲ್ಲ ಸರ್ಕಾರಕ್ಕೆ ಶಾಪ ಹಾಕುವ ಹೊತ್ತಿಗೆ ಅತ್ತೆ ಬೆರಳು ನೆಟಿಗೆ ಮುರಿದು ಜಗುಲಿಗೆ ಬಂದು, ಕಾಲು ಚಾಚಿ, ಕಂಬಕ್ಕೆ ಒರಗಿ ಕಣ್ಣು ಮುಚ್ಚುತ್ತಿದ್ದರು. ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದ ನಾನು ಶನಿವಾರ ಹೋದರೆ ಪಕ್ಕದಲ್ಲಿ ಜಾಗ ತಟ್ಟಿ ತೋರಿಸಿ, "ಬಾ ಮಗಾ, ಕೂತ್ಕೊ. ಇದು ಸರ್ಕಾರ ಕೊಟ್ಟಿರೋ ಬಿಡುವು. ಯಾರೂ ಕೇಳಂಗಿಲ್ಲ" ಎನ್ನುತ್ತಿದ್ದರು. ಆಯುಧಪೂಜೆಯ ದಿನ ಕಂಪ್ಯೂಟರಿಗಿಂತ ಮೊದಲು ತಾಂಬೂಲ ಸಲ್ಲುತ್ತಿದ್ದದ್ದು ಬೀದಿಯ ಲೈನ್‌ಮನ್‌ಗೆ. "ನಮ್ಮಣ್ಣ ಕಣವ್ವ ಅವನು. ಒಡಹುಟ್ಟಿದವರೂ ಇಷ್ಟು ನೋಡ್ಕೊಳಲ್ಲ" ಎಂದು ಅತ್ತೆ ಹೇಳಿದರೆ ಎಲ್ಲರೂ ನಗುತ್ತಿದ್ದರು. ನಾನೂ ನಕ್ಕಿದ್ದೇನೆ, ನಕ್ಕದ್ದು ಜೋರಾಗಿಯೇ ಇರಬೇಕು.

ಬರಬರುತ್ತಾ ಒಂದು ವಿಚಿತ್ರ ಶುರುವಾಯಿತು. ಎದುರು ಮನೆಯ ಟೈಲರ್ ಅಂಗಡಿಯಲ್ಲಿ ದೀಪ ಉರಿಯುತ್ತಿದ್ದರೂ ಮಾವನ ಮನೆಯಲ್ಲಿ ಮಾತ್ರ ಕರೆಂಟು ಹೋಗುವುದು! ಇನ್ನೂ ವಿಚಿತ್ರವೆಂದರೆ, ಹೀಗೆ ಹೋದಾಗ ಅತ್ತೆ ಹೊಡೆದ ಒಂದಕ್ಷರವೂ ಅಳಿಸಿಹೋಗುತ್ತಿರಲಿಲ್ಲ. ಮಾವ ಗಿರಾಕಿಗಳ ಮುಂದೆ ಬೀಗುತ್ತಿದ್ದರು: "ನಮ್ಮನೆಯವಳಿಗೆ ಕರೆಂಟು ಹೋಗೋದು ಮೊದಲೇ ಗೊತ್ತಾಗುತ್ತೆ ಕಣ್ರೀ. ಕರೆಕ್ಟಾಗಿ ಸೇವ್ ಮಾಡಿರ್ತಾಳೆ."

ಗೊತ್ತಾಗದೆ ಏನು! ಒಂದು ಶನಿವಾರ ರೊಟ್ಟಿಗೆಂದು ನಾನು ಹಿಟ್ಟಿನ ಡಬ್ಬಕ್ಕೆ ಕೈ ಹಾಕಿದೆ. ರಾಗಿ ಹಿಟ್ಟೋ ಅಕ್ಕಿ ಹಿಟ್ಟೋ ಈಗ ಪ್ರಮಾಣ ಮಾಡಲಾರೆ. ಕೈಗೆ ಸಿಕ್ಕಿದ್ದು ಮಾತ್ರ ಮೀಟರ್ ಬೋರ್ಡಿನ ಪಿಂಗಾಣಿ ಫ್ಯೂಸು. ಅತ್ತೆ ತುಟಿಯ ಮೇಲೆ ಬೆರಳಿಟ್ಟರು. ಅದೇ ಹೊತ್ತಿಗೆ ಮಾವ ಎಲೆಕ್ಟ್ರಿಕ್ ಆಫೀಸಿನಲ್ಲಿ ಜಗಳವಾಡಿ ಲೈನ್‌ಮನ್‌ನನ್ನು ಎಳೆದುಕೊಂಡು ಬಂದರು. ಅಂದು ಪಂಚಾಯ್ತಿ ಚುನಾವಣೆಯ ಕರಪತ್ರಗಳ ಕೆಲಸ ರಾಶಿ ಬಿದ್ದಿತ್ತು. ಲೈನ್‌ಮನ್ ಮೀಟರ್ ಬೋರ್ಡಿನ ಖಾಲಿ ಕಿಂಡಿಯನ್ನು ನೋಡಿದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆಯನ್ನು ನೋಡಿದ. ಊದಿಕೊಂಡಿದ್ದ ಅವರ ಮಣಿಕಟ್ಟನ್ನೂ ನೋಡಿದನೆಂದು ನನ್ನ ಭಾವನೆ. ಆಮೇಲೆ ಬೋರ್ಡಿಗೆ ಬೆನ್ನು ಕೊಟ್ಟು ನಿಂತ.

"ಕಂಬದಾಗೇ ಲೂಜು ಸಾ. ಒಂದು ಗಂಟೆ ಆಯ್ತದೆ. ನೀವು ಓಗಿ ಕಾಪಿ ಕುಡ್ಕೊಂಡು ಬನ್ನಿ."

ಮಾವ ಹೋದರು. ಅತ್ತೆ ಜಗುಲಿಯಲ್ಲಿ ಒಂದು ಗಂಟೆ ಗಾಢವಾಗಿ ನಿದ್ದೆ ಮಾಡಿದರು.

ಇಂಥ ಸುಖಕ್ಕೆ ಆಯುಸ್ಸು ಎಷ್ಟು? ಹೊಸ ಶತಮಾನ ಬರುತ್ತಿದ್ದಂತೆ ಮಾವ ದೊಡ್ಡ ಬ್ಯಾಟರಿಗಳ ಯು.ಪಿ.ಎಸ್. ತಂದರು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, "ಇನ್ನು ಮೇಲೆ ಊರೇ ಮುಳುಗಿದ್ರೂ ನಮ್ಮ ಕೆಲಸ ನಿಲ್ಲಲ್ಲ" ಎಂದರು. ನಿಲ್ಲಲಿಲ್ಲ. ಬೀದಿಯೆಲ್ಲ ಕತ್ತಲಾದಾಗಲೂ ಪರದೆಯ ನೀಲಿ ಬೆಳಕಿನಲ್ಲಿ ಅತ್ತೆಯ ಮುಖ ಒಂದೇ ಕಾಣುತ್ತಿತ್ತು. ಆ ಬ್ಯಾಟರಿಗಳಿಗೆ ಬಟ್ಟಿ ಇಳಿಸಿದ ನೀರು ಹಾಕುವ ಕೆಲಸವೂ ಅತ್ತೆಯದೇ. ತಮ್ಮ ಬಿಡುವನ್ನು ತಿಂದ ರಾಕ್ಷಸನಿಗೆ ತಾವೇ ನೀರು ಕುಡಿಸಬೇಕು, ನೋಡಿ.

ನಾನು ಆಗ ಓದಿದವಳ ಗತ್ತಿನಲ್ಲಿ ಉಪದೇಶ ಮಾಡಿದೆ. "ಇಷ್ಟೆಲ್ಲ ಯಾಕೆ ಅತ್ತೆ? ನಂಗೆ ಸಾಕಾಗಿದೆ, ಒಂದು ಗಂಟೆ ಮಲಗ್ತೀನಿ ಅಂತ ಮಾವನ್ನ ಬಾಯಿಬಿಟ್ಟು ಕೇಳಬಾರದಾ?"

ಅತ್ತೆ ಪರದೆಯಿಂದ ಕಣ್ಣು ಕೀಳಲಿಲ್ಲ. ಯಾರದೋ ಮದುವೆಯ 'ನಿಮ್ಮ ಸುಖಾಗಮನವನ್ನು ಬಯಸುವ' ಸಾಲು ಹೊಡೆಯುತ್ತಿದ್ದರು. "ಕೇಳಿ, ಬ್ಯಾಡ ಅಂದುಬುಟ್ರೆ ಆಮೇಕೆ ಅವರ ಜೊತೆ ಬಾಳೋದೆಂಗವ್ವ? ಕೇಳ್ದೆ ಇದ್ರೆ, ಕೇಳಿದ್ರೆ ಕೊಡ್ತಿದ್ರೇನೋ ಅಂತನಾರ ಇರ್ತದೆ."

ಈ ಮಾತನ್ನು ಅತ್ತೆ ಹೀಗೆಯೇ ಆಡಿದರೇ, ನಾನು ಆಮೇಲೆ ತಿದ್ದಿಕೊಂಡೆನೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಇಷ್ಟು ಕಹಿಯನ್ನು ಇಷ್ಟು ಚೆನ್ನಾಗಿ ಕಲ್ಪಿಸುವ ಶಕ್ತಿ ನನಗಿಲ್ಲ ಎಂಬುದೊಂದೇ ಸಮಾಧಾನ.

ಕೈ ಸೋತದ್ದು ನಿಧಾನವಾಗಿ. ಮೊದಲು ಬೆರಳು ಜೋಮು ಹಿಡಿಯುವುದು, ಆಮೇಲೆ ಲೋಟ ಜಾರುವುದು, ಆಮೇಲೆ ತಲೆಗೆ ಹೂ ಮುಡಿಯಲು ಕೈ ಏಳದಿರುವುದು. ಮೈಸೂರಿನ ಡಾಕ್ಟರು ಪರೀಕ್ಷೆ ಮಾಡಿ, "ಅರ್ಧ ಗಂಟೆಗೊಂದು ಸಲ ಎದ್ದು ಓಡಾಡಿ, ಕೈ ಬಿಡಿಸಬೇಕಿತ್ತಮ್ಮ. ಕೆಲಸದಷ್ಟೇ ಬಿಡುವೂ ಮುಖ್ಯ. ಯಾರೂ ಹೇಳಲಿಲ್ವಾ?" ಎಂದರು. ಅತ್ತೆ ಮಾವನ ಮುಖ ನೋಡಲಿಲ್ಲ, ಗೋಡೆಯ ಕ್ಯಾಲೆಂಡರ್ ನೋಡಿದರು. ಮಾವ ಗಂಟಲು ಸರಿಮಾಡಿಕೊಂಡು ಕೇಳಿದರು: "ಹೊಸ ಕೀಬೋರ್ಡ್ ತಂದ್ರೆ ಸರಿಹೋಗುತ್ತಾ ಡಾಕ್ಟ್ರೇ?"

ತಂದೂ ತಂದರು. ಮೆತ್ತನೆಯ ಕೀಲಿಗಳ, ಬೆಲೆಬಾಳುವ ಕೀಬೋರ್ಡು. ಅತ್ತೆ ಅದನ್ನು ಮುಟ್ಟಿದ್ದು ಧೂಳು ಒರೆಸುವುದಕ್ಕೆ ಮಾತ್ರ, ಅದೂ ಎಡಗೈಯಲ್ಲಿ. ಮಣಿಕಟ್ಟಿನ ಆಪರೇಷನ್ ಆಯಿತು, ತಡವಾಗಿ. ಬಲಗೈ ಬೆರಳುಗಳು ಆಮೇಲೆ ಪೂರ್ತಿ ಮಡಚಲೇ ಇಲ್ಲ. ಅಂಗಡಿಗೆ ಒಬ್ಬ ಹುಡುಗಿಯನ್ನು ಕೆಲಸಕ್ಕೆ ಇಟ್ಟುಕೊಂಡರು. ಅವಳು ಸಂಜೆ ಐದಕ್ಕೆ ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದಳು. ಹಾಗೂ ಹೊರಡಬಹುದು ಎಂಬುದನ್ನು ಕಂಡು ಮಾವ ದಂಗಾಗಿ ಹೋದರು. ಅಂಗಡಿ ಹೆಚ್ಚು ದಿನ ನಡೆಯಲಿಲ್ಲ.

ಅತ್ತೆ, ಮಾವ ತಿ. ನರಸೀಪುರಕ್ಕೆ ಹೋಗಿ ಬಾಡಿಗೆ ಮನೆ ಹಿಡಿದರು. ಮಾವ ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾದರು. ಸಂಬಳದ ಕೆಲಸ, ಮಧ್ಯಾಹ್ನ ಊಟಕ್ಕೆ ಬಿಡುವು. ನಾನು ಒಮ್ಮೆ ಹೇಳದೆ ಕೇಳದೆ ಹೋದೆ, ಮಾವನಿಗೆ ಆಡಬೇಕಾದ ನಾಲ್ಕು ಕಟುವಾದ ಮಾತುಗಳನ್ನು ಬಸ್ಸಿನಲ್ಲಿ ಜೋಡಿಸಿಕೊಂಡೇ ಹೋದೆ.

ಮಾವ ಊಟದ ಬಿಡುವಿನಲ್ಲಿ ಮನೆಗೆ ಬಂದಿದ್ದರು. ಊಟದ ತಟ್ಟೆ ಮುಚ್ಚಿಟ್ಟ ಹಾಗೇ ಇತ್ತು. ಅತ್ತೆ ನೆಲದಲ್ಲಿ ಕೂತಿದ್ದರು. ಮಾವ ಹಿಂದೆ ಮಣೆ ಹಾಕಿಕೊಂಡು ಬಾಯಲ್ಲಿ ರಿಬ್ಬನ್ ಕಚ್ಚಿ ಅತ್ತೆಗೆ ಜಡೆ ಹೆಣೆಯುತ್ತಿದ್ದರು. ದಿನವೂ ಇದೇ ಅಂತೆ.

"ನೋಡು ಮಗಾ, ಬೈತಲೆ ಕಪಿಲಾ ಒಳೆ ಅರ್ದಂಗೆ ಅರೀತದೆ" ಎಂದು ಅತ್ತೆ ನಕ್ಕರು. "ನೆಟ್ಟಗೆ ತೆಗೀರಿ ಅಂದ್ರೆ ತಿಳಿಯಕಿಲ್ಲ ಇವರಿಗೆ."

"ಅಲ್ಲಾಡದೆ ಕೂತ್ಕೊ" ಎಂದರು ಮಾವ.

ನಾನು ಜೋಡಿಸಿಕೊಂಡು ಹೋದ ಮಾತು ಒಂದೂ ನೆನಪಿಗೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಅತ್ತೆ ಕೂತಲ್ಲೇ ತೂಕಡಿಸಿ, ತಲೆ ಮಾವನ ಮೊಣಕಾಲಿಗೆ ಒರಗಿತು. ಮಾವನ ಕೈ ನಿಂತಿತು. ಅರ್ಧ ಹೆಣೆದ ಜಡೆಯನ್ನು ಬಿಟ್ಟರೆ ಬಿಚ್ಚಿಹೋದೀತು, ಎಳೆದರೆ ಎಚ್ಚರವಾದೀತು. ಮೂರು ಎಳೆಗಳನ್ನು ಬೆರಳ ಸಂದಿಯಲ್ಲಿ ಹಿಡಿದು ಮಾವ ಹಾಗೇ ಕೂತರು. ಗಿರಣಿಯ ಸೈರನ್ ಕೂಗಿತು. ಅವರು ಏಳಲಿಲ್ಲ.

ಆಗ ನಾನು ಅತ್ತೆಗೆ ಕೇಳಿಸದ ಹಾಗೆ ಮೆಲ್ಲಗೆ ಕೇಳಿದೆ.

"ಮಾವ, ಅತ್ತೆ ಆಗ ಒಂದು ಸಲ ಬಿಡುವು ಬೇಕು ಅಂತ ಬಾಯಿಬಿಟ್ಟು ಕೇಳಿದ್ದಿದ್ರೆ, ನೀವು ಬೇಡ ಅಂತಿದ್ರಾ?"