ತ್ಯಾಗರಾಜನಗರದಿಂದ ಸ್ಕಾಟ್‌ಲೆಂಡಿಗೆ ಸೈಕಲ್ಲು

ನಮ್ಮ ಸೋದರಮಾವನನ್ನು ಕಣ್ಣು ಕಟ್ಟಿ ಸ್ಕಾಟ್‌ಲೆಂಡಿನ ಯಾವ ಬೆಟ್ಟದ ಮೇಲೆ ಬಿಟ್ಟರೂ ಸರಿಯಾಗಿ ಕೆಳಗಿಳಿದು ಬರುತ್ತಾರೆ. ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ಬಿಟ್ಟು ನೋಡಿ, ಯಾರಾದರೂ ಹೋಗಿ ಕರೆದುಕೊಂಡು ಬರಬೇಕು! ಹಾಗಂತ ಅವರು ಸ್ಕಾಟ್‌ಲೆಂಡಿಗೆ ಹೋಗಿದ್ದಾರೆ ಎಂದು ತಿಳಿಯಬೇಡಿ. ನಾನು ಹೇಳುತ್ತಿರುವುದು ತೊಂಬತ್ತರ ದಶಕದ ಕೊನೆಯ ಮಾತು. ಆಗ ಅವರು ಮೈಸೂರಿಗೆ ಹೋಗಿಬಂದೇ ವರ್ಷಗಳಾಗಿದ್ದವು.

ಮಾವ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಮದುವೆಯಾಗಿರಲಿಲ್ಲ. ತ್ಯಾಗರಾಜನಗರದ ಪುಟ್ಟ ಮನೆಯಲ್ಲಿ ಅವರು ಮತ್ತು ನಮ್ಮಜ್ಜಿ, ಇಬ್ಬರೇ. ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮಂಚ ಬಿಟ್ಟು ಏಳಲಿಲ್ಲ. ಮಾವ ಕಲಸಿ ತುತ್ತು ಕೊಟ್ಟರೆ ಊಟ, ಇಲ್ಲದಿದ್ದರೆ ಉಪವಾಸ. ಹೀಗಾಗಿ ಮಾವ ಒಂದು ರಾತ್ರಿಯೂ ಮನೆ ಬಿಟ್ಟು ಹೊರಗೆ ಮಲಗಿದವರಲ್ಲ. ಇಂಥವರಿಗೆ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಒಂದು ಹಳೆಯ ಇಂಗ್ಲಿಷ್ ಪತ್ರಿಕೆ ಸಿಗಬೇಕೆ? ಅದರ ನಡುವೆ ಸ್ಕಾಟ್‌ಲೆಂಡಿನ ಬೆಟ್ಟಗಳ ದೊಡ್ಡ ನಕ್ಷೆ ಇರಬೇಕೆ? ಸೈಕಲ್ಲಿಗೇ ಸಂಸಾರವನ್ನೆಲ್ಲ ಕಟ್ಟಿಕೊಂಡು, ಶನಿವಾರ ಭಾನುವಾರ ಬೆಟ್ಟಗಳ ನಡುವೆ ಅಲೆದು, ಕೆರೆಯ ದಡದಲ್ಲಿ ಮಲಗಿ ಬರುವುದು ಹೇಗೆ ಎಂದು ಅದರಲ್ಲಿ ಬರೆದಿತ್ತಂತೆ. ಅವತ್ತು ಹಿಡಿದ ಹುಚ್ಚು!

ನಾನು ಆಗ ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದ್ದೆ. ರಜೆಯ ದಿನಗಳಲ್ಲಿ ಚಾಮರಾಜಪೇಟೆಯ ನಮ್ಮ ಮನೆಯಿಂದ ಅಜ್ಜಿಯನ್ನು ನೋಡಲು ಹೋಗುತ್ತಿದ್ದೆ.

“ಮಾವ, ಶನಿವಾರ ಭಾನುವಾರದಲ್ಲಿ ಸ್ಕಾಟ್‌ಲೆಂಡಿಗೆ ಹೋಗಿ ಬರೋಕಾಗುತ್ತಾ? ವಿಮಾನದಲ್ಲೇ ಒಂದು ದಿನ ಕಳೆದುಹೋಗುತ್ತೆ” ಎಂದೆ.

“ಅದು ಪ್ರಯಾಣ ಕಣೆ. ನಾನು ಪ್ಲಾನ್ ಮಾಡ್ತಿರೋದು ಪ್ರವಾಸ. ಪ್ರಯಾಣದ ವಿಚಾರ ಆಮೇಲೆ ನೋಡ್ಕೊಂಡ್ರಾಯ್ತು” ಎಂದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡಿದ್ದೇನೆ. ಇವರು ಕುಲಾವಿ ಹೊಲಿಸಿ, ಅದಕ್ಕೆ ಒಗ್ಗುವ ಕೂಸು ಎಲ್ಲಿ ಸಿಗುತ್ತದೆ ಎಂದು ಹುಡುಕುವ ಪೈಕಿ.

ನಕ್ಷೆ ಅಜ್ಜಿಯ ಮಂಚದ ಎದುರಿನ ಗೋಡೆಗೆ ಅಂಟಿತು. ರಾತ್ರಿ ಊಟ ಮಾಡಿಸುವಾಗ ಮಾವ ಅದರತ್ತ ಬೆರಳು ತೋರಿಸುತ್ತಾ ದಾರಿ ಹೇಳುವರು.

“ಇಲ್ಲಿಂದ ಏರು ಶುರು ಅಮ್ಮ. ಆ… ಬಾಯಿ ತೆಗಿ. ಇಲ್ಲಿ ಸೈಕಲ್ ತಳ್ಳಿಕೊಂಡೇ ಹೋಗ್ಬೇಕು. ಇನ್ನೊಂದು ತುತ್ತು.”

“ಅಲ್ಲಿ ಮಳೆ ಅಂದ್ಯಲ್ಲೋ, ನಿಂತಿತಾ?”

“ಅಲ್ಲಿ ಮಳೆ ನಿಲ್ಲೋದೇ ಇಲ್ಲಮ್ಮ.”

“ಹಾಗಾದ್ರೆ ಹಪ್ಪಳ ಎಲ್ಲಿ ಒಣಗಿಸ್ತಾರೋ ಪಾಪ” ಎಂದು ಅಜ್ಜಿ ಆ ದೇಶದ ಹೆಂಗಸರಿಗಾಗಿ ನಿಟ್ಟುಸಿರು ಬಿಡುವರು.

ಮಳೆ ಎಂದ ಮೇಲೆ ಡೇರೆ ಬೇಡವೇ? ಮಾವ ಚಾಮರಾಜಪೇಟೆಯಲ್ಲಿ ಶಾಮಿಯಾನ ಹೊಲಿಯುವವರ ಹತ್ತಿರ ಹೋಗಿ, ಒಬ್ಬ ಮಲಗುವಷ್ಟು ದೊಡ್ಡ ಡೇರೆ ಬೇಕು ಎಂದರು. ಅವರಿಗೆ ಗೊತ್ತಿದ್ದದ್ದು ಮದುವೆ, ಮುಂಜಿ. ಕೈ ರೂಢಿಯಂತೆ ಹೊಲಿದುಕೊಟ್ಟರು. ಕೆಂಪು ಹಳದಿ ಪಟ್ಟೆ, ಸುತ್ತಲೂ ಝಾಲರು, ಬಾಗಿಲಿಗೆ ತೋರಣ ಕಟ್ಟಲು ಎರಡು ಕುಣಿಕೆ ಬೇರೆ! ಅದನ್ನು ಸ್ಕಾಟ್‌ಲೆಂಡಿನ ಬೆಟ್ಟದ ಮೇಲೆ ಹಾಕಿದರೆ ಸುತ್ತಲಿನ ಜನರೆಲ್ಲ ಊಟಕ್ಕೆ ಬಂದು ಕೂರುವುದು ಖಂಡಿತ. ನೀರು ಸೋರುತ್ತದೆಯೇ ಎಂದು ನೋಡಲು ಮಾವ ಅಂಗಳದಲ್ಲಿ ಅದರೊಳಗೆ ಕುಳಿತರು, ನಾನು ತಾರಸಿಯಿಂದ ಬಕೆಟ್ಟುಗಟ್ಟಲೆ ಸುರಿದೆ. ತೊಯ್ದು ತೊಪ್ಪೆಯಾಗಿ ಹೊರಬಂದವರ ಮುಖದಲ್ಲಿ ಮಾತ್ರ ಗೆಲುವು.

“ಸೋರ್ತು. ಆದ್ರೆ ಝಾಲರಿಗೆ ಏನೂ ಆಗಿಲ್ಲ ನೋಡು” ಎಂದರು.

ಆಮೇಲೆ ಭಾರ ಹೊತ್ತು ಏರು ಹತ್ತುವ ಅಭ್ಯಾಸ. ಸೈಕಲ್ಲಿನ ಎರಡೂ ಪಕ್ಕ ಚೀಲ, ಹ್ಯಾಂಡಲಿಗೆ ಸುತ್ತಿದ ಜಮಖಾನ, ಹಿಂದೆ ಸೀಮೆಎಣ್ಣೆ ಸ್ಟವ್, ಅದರ ಮೇಲೆ ಪಾತ್ರೆಗಳ ಗೋಪುರ. ಅಲ್ಲಿಯ ಚಳಿಗೆ ಈಗಲೇ ಒಗ್ಗಿಕೊಳ್ಳಬೇಕೆಂದು ಏಪ್ರಿಲ್ ಬಿಸಿಲಲ್ಲಿ ಸ್ವೆಟರು, ಮಂಕಿ ಕ್ಯಾಪು! ಚಳಿಗೆ ಒಗ್ಗುವುದು ಹೀಗೋ ಎಂದು ಕೇಳಬೇಡಿ, ನಾನು ಕೇಳಿ ಬೈಸಿಕೊಂಡಿದ್ದೇನೆ. ಈ ವೇಷದಲ್ಲಿ ಬುಲ್ ಟೆಂಪಲ್ ರಸ್ತೆಯ ಏರನ್ನು ಏದುಸಿರು ಬಿಡುತ್ತಾ ಹತ್ತುವಾಗ ಒಬ್ಬ ಹೆಂಗಸು ಗೇಟಿನಿಂದ ಚಪ್ಪಾಳೆ ತಟ್ಟಿ ಕರೆದರಂತೆ.

“ಏನಪ್ಪಾ, ಹಳೇ ರೇಷ್ಮೆ ಸೀರೆಗೆ ಸ್ಟೀಲ್ ಡಬ್ಬಿ ಕೊಡ್ತೀಯಾ?”

“ಇಲ್ಲಮ್ಮ, ನಾನು ಸ್ಕಾಟ್‌ಲೆಂಡಿಗೆ ಹೋಗ್ಬೇಕು.”

“ಸರಿ, ವಾಪಸ್ ಬರೋವಾಗ ಬಾ ಹಂಗಾದ್ರೆ.”

ಈ ಕಥೆಗೆ ನಾನು ಬಿದ್ದು ಬಿದ್ದು ನಗುತ್ತಿದ್ದರೆ ಅಜ್ಜಿ ಮಾತ್ರ ನಗಲಿಲ್ಲ. ನಕ್ಷೆಯನ್ನೇ ನೋಡುತ್ತಿದ್ದವರು ಹೇಳಿದರು: “ಮುರಿದಿರೋದು ನನ್ನ ಸೊಂಟ, ಅವನ ಕಾಲಲ್ಲ. ಎಷ್ಟು ದಿನ ಅಂತ ಬೀದಿ ಸುತ್ತುತ್ತಾನೆ? ನೀನು ಎರಡು ದಿನ ಬಂದಿರು ಪುಟ್ಟಿ, ನಿನ್ನ ಕೈಯಲ್ಲೇ ಊಟ ಮಾಡ್ತೀನಿ. ಸ್ಕಾಟ್‌ಲೆಂಡೋ ಶಿವಗಂಗೆಯೋ, ಅವನೊಂದು ಬೆಟ್ಟ ಹತ್ತಿ ಬರಲಿ.”

ಮಾವ ಬೆಚ್ಚಿಬಿದ್ದರು. ಮುಂದಿನ ತಿಂಗಳು ನೋಡೋಣ, ಗಾಳಿ ಎದುರಿದೆ, ಚೈನು ಸಡಿಲವಿದೆ! ಅಜ್ಜಿ ಬಿಡುತ್ತಾರೆಯೇ? ಶಿವಗಂಗೆಯೇ ಎಂದು ಗೊತ್ತುಮಾಡಿ ಪಂಚಾಂಗ ತರಿಸಿದರು. ಶನಿವಾರ ಊರು ಬಿಡುವುದು ಒಳ್ಳೆಯದಲ್ಲ, ಆದ್ದರಿಂದ ಗುರುವಾರವೇ ಪರಸ್ಥಾನ ಇಡಬೇಕು ಎಂದು ಅಪ್ಪಣೆಯಾಯಿತು. ಈಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ಹೊರಡುವ ದಿನ ಸರಿಯಿಲ್ಲದಿದ್ದರೆ, ಮುಂಚೆಯೇ ಒಳ್ಳೆಯ ಗಳಿಗೆ ನೋಡಿ ಗಂಟುಮೂಟೆಯನ್ನು ಬೇರೆಯವರ ಮನೆಯಲ್ಲಿ ಇಟ್ಟುಬಿಡುವುದು. ಶಾಸ್ತ್ರದ ಪ್ರಕಾರ ಪ್ರಯಾಣ ಆಗಲೇ ಶುರುವಾದಂತೆ. ಆ ಸಾಮಾನನ್ನು ಮತ್ತೆ ಮನೆಯೊಳಕ್ಕೆ ತರುವ ಹಾಗಿಲ್ಲ, ಅಲ್ಲಿಂದ ಹಾಗೇ ಎತ್ತಿಕೊಂಡು ಹೋಗಬೇಕು. ಅಂತೂ ಗುರುವಾರ ಬೆಳಿಗ್ಗೆ ಸೈಕಲ್ಲು ಸಕಲ ಸಾಮಗ್ರಿಗಳೊಂದಿಗೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಪಕ್ಕದ ಮನೆಯ ರಾಯರ ವರಾಂಡ ಸೇರಿತು. ಸೈಕಲ್ಲು ಸ್ಕಾಟ್‌ಲೆಂಡಿಗೆ ಹೊರಟಿದೆ, ಯಜಮಾನರು ಬಸ್ಸಿಗೆ ಜೋತುಬಿದ್ದು ಸ್ಕೂಲಿಗೆ ಹೋಗುತ್ತಿದ್ದಾರೆ! ಅಡುಗೆಗೆ ಸ್ಟವ್ ಬೇಕೆಂದರೆ ಅದೂ ಪ್ರಯಾಣದಲ್ಲಿದೆ.

ಶನಿವಾರ ಬೆಳಿಗ್ಗೆ ಮಾವ ಅಜ್ಜಿಯ ಕಾಲಿಗೆ ನಮಸ್ಕರಿಸಿ, ಮಂಕಿ ಕ್ಯಾಪ್ ಏರಿಸಿ, ರಾಯರ ವರಾಂಡದಿಂದ ಶಿವಗಂಗೆಯ ಕಡೆಗೆ ಹೊರಟರು. ತಿರುವಿನವರೆಗೂ ಪಾತ್ರೆಗಳ ಸದ್ದು ಕೇಳಿಸಿತು.

ಮಧ್ಯಾಹ್ನ ನಾನು ಅನ್ನ ಕಲಸಿದೆ. ಅಜ್ಜಿ ಕಣ್ಣು ಮುಚ್ಚಿಕೊಂಡು, ಔಷಧಿ ನುಂಗಿದ ಹಾಗೆ, ತಟ್ಟೆ ಖಾಲಿಯಾಗುವವರೆಗೂ ತಿಂದರು. “ಅವನು ಬಂದು ಕೇಳಿದ್ರೆ ಎಲ್ಲ ತಿಂದ್ರು ಅಂತ ಹೇಳು” ಎಂದರು. ಅವರು ಮಲಗಿದ ಮೇಲೆ, ಮೊಸರಿಗೆ ಹೆಪ್ಪು ಕೇಳೋಣವೆಂದು ರಾಯರ ಮನೆಗೆ ಹೋದೆ. ಮುಂಬಾಗಿಲು ಹಾಕಿತ್ತು. ಹಿತ್ತಲಿಗೆ ಬಂದರೆ, ಸೀಬೆ ಮರದ ಕೆಳಗೆ ಕೆಂಪು ಹಳದಿ ಪಟ್ಟೆ!

ಡೇರೆಯಿಂದ ಮಾವನ ತಲೆ ಹೊರಬಂತು. ತುಟಿಯ ಮೇಲೆ ಬೆರಳು. ಅಜ್ಜಿಯ ಕೋಣೆಯ ಕಿಟಕಿ ಇರುವುದು ಆ ಹಿತ್ತಲಿನ ಗೋಡೆಯ ಆಚೆಗೇ.

“ತಿಂದಳಾ?”

“ಎಲ್ಲ ತಿಂದ್ರು. ನೀವಿಲ್ಲಿ ಏನ್ ಮಾಡ್ತಿದೀರಾ?”

“ಯಶವಂತಪುರದವರೆಗೂ ಹೋಗಿದ್ದೆ ಕಣೆ. ಅಲ್ಲಿಂದ ಮುಂದೆ ಕಾಲೇ ಏಳ್ಲಿಲ್ಲ. ಗಂಟಲಿಗೆ ಸಿಕ್ಕಿಹಾಕ್ಕೊಂಡ್ರೆ ನಿಂಗೆ ಗೊತ್ತಾಗುತ್ತಾ, ಬೆನ್ನು ಯಾವ ಕಡೆ ನೀವಬೇಕು ಅಂತ? ಹಿಂದಿನ ಗಲ್ಲಿಯಿಂದ ಬಂದ್ಬಿಟ್ಟೆ. ಬೆಟ್ಟಕ್ಕೇನು, ಇನ್ನೂ ಸಾವಿರ ವರ್ಷ ಅಲ್ಲೇ ಕೂತಿರುತ್ತೆ. ಅಮ್ಮ ಇರ್ತಾಳಾ?”

ನನಗೆ ಸಿಟ್ಟೂ ಬಂತು, ಅಳುವೂ ಬಂತು. “ಮತ್ತೆ ಸ್ಕಾಟ್‌ಲೆಂಡ್ ಸ್ಕಾಟ್‌ಲೆಂಡ್ ಅಂತ ಯಾಕೆ ಕುಣೀತಿದ್ರಿ?”

ಮಾವ ನಕ್ಕರು. “ನಂದಿಬೆಟ್ಟಕ್ಕೆ ಹೋಗ್ಬೇಕು ಅಂತ ಆಸೆಪಟ್ಟು ಹೋಗದೆ ಇದ್ರೆ, ನನ್ನಿಂದ ತಾನೇ ಅಂತ ಅಮ್ಮ ಕೊರಗ್ತಾಳೆ. ಸ್ಕಾಟ್‌ಲೆಂಡಿಗೆ ಹೋಗದೆ ಇದ್ರೆ ಯಾರು ಕೊರಗ್ತಾರೆ? ನಮ್ಮ ಬೀದೀಲಿ ಯಾರೂ ಹೋಗಿಲ್ವಲ್ಲ!”

ವರ್ಷಗಟ್ಟಲೆ ಈ ಮನುಷ್ಯನನ್ನು ಹುಚ್ಚ ಎಂದು ನಕ್ಕವರಲ್ಲಿ ನಾನೂ ಒಬ್ಬಳು. ಅವತ್ತು ಹೆಪ್ಪು ಕೇಳುವುದನ್ನೇ ಮರೆತು ಮನೆಗೆ ಬಂದೆ.

ಭಾನುವಾರ ಸಂಜೆ ಬೆಲ್ಲು ಬಾರಿಸುತ್ತಾ ಮಾವ ಬಂದರು. ಕೆನ್ನೆಗೆ, ಪ್ಯಾಂಟಿಗೆ ರಾಯರ ಹಿತ್ತಲಿನ ಕೆಮ್ಮಣ್ಣು ಬಳಿದುಕೊಂಡಿದ್ದರು. ಅಜ್ಜಿಯ ಪಕ್ಕ ಕುಳಿತು ಶಿವಗಂಗೆಯ ಬಂಡೆ, ಗಾಳಿ, ಪ್ರಸಾದ ಕಿತ್ತುಕೊಂಡ ಕೋತಿ, ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ವರ್ಣಿಸಿದರು. ಅಜ್ಜಿ ಬಾಯಿ ಬಿಟ್ಟುಕೊಂಡು ಕೇಳಿದರು. ಕೋತಿಗೆ ಎರಡು ಬೈಗುಳವನ್ನೂ ಕೊಟ್ಟರು.

ಮಾವ ಸ್ನಾನಕ್ಕೆ ಹೋದ ಮೇಲೆ ಅಜ್ಜಿ ನನ್ನ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡರು.

“ರಾತ್ರಿಯೆಲ್ಲ ರಾಯರ ಹಿತ್ತಲಿಂದ ಅವನ ಗೊರಕೆ ಕೇಳಿಸ್ತಿತ್ತು ಕಣೆ. ಅದಕ್ಕೇ ನಂಗೂ ಒಳ್ಳೆ ನಿದ್ದೆ ಬಂತು” ಎಂದರು. ಆಮೇಲೆ ಬಚ್ಚಲಿನ ಕಡೆ ನೋಡಿ ದನಿ ತಗ್ಗಿಸಿದರು. “ಅವನಿಗೆ ಹೇಳ್ಬೇಡ. ಬೆಟ್ಟ ಹತ್ತಿ ದಣಿದು ಬಂದಿದಾನೆ ಪಾಪ, ಬಿಸಿನೀರು ಇನ್ನೊಂದು ಚೊಂಬು ಜಾಸ್ತಿ ಕೊಡು.”